ತಂತಿಯ ತುದಿಯ ಅತಿಥಿಗಳು

ತಿಥಿವಾರಗಳನ್ನು ನೋಡದೆ ಬರುವವನೇ ಅತಿಥಿಯೆಂದು ಹಿರಿಯರು ಹೇಳುವರು. ಅಂತಹವರಿಗಾಗಿ ಟೆಲಿಫೋನಿನ ತಂತಿಯ ಮೂಲಕ ಬಾಗಿಲು ತೆರೆದಿಟ್ಟ ಇಬ್ಬರು ಅಮೆರಿಕನ್ನರ ವೃತ್ತಾಂತವು ಗೃಹಸ್ಥರಾದ ವಾಚಕರಿಗೆ ಪ್ರಿಯವಾದೀತು.

1978ನೆಯ ಇಸವಿಯ ಜನವರಿಯಲ್ಲಿ ಶಿಕಾಗೋ ನಗರವು ಮಹಾಹಿಮಪಾತದಿಂದ ಮುಚ್ಚಿಹೋಗಿತ್ತು. ಹೊರಗೆ ಹೊರಡಲಾರದ ವಾರ್ಡ್ ಕ್ರಿಸ್ಟೆನ್ಸನ್ ಎಂಬವರು ತಮ್ಮ ಮಿತ್ರರಾದ ರ‍್ಯಾಂಡಿ ಸೂಸ್ ಎಂಬವರೊಡನೆ ಟೆಲಿಫೋನಿನಲ್ಲಿ ಆಲೋಚಿಸಿದರು. ಅವರ ಗಣಕಾಸಕ್ತರ ಸಂಘದಲ್ಲಿ ಚೀಟಿಗಳನ್ನು ಚುಚ್ಚಿಡುವ ನೋಟೀಸು ಬೋರ್ಡೊಂದಿತ್ತು. ಅದನ್ನೇ ಗಣಕಯಂತ್ರದೊಳಗೆ ಇಡಬಾರದೇಕೆ? ಕ್ರಿಸ್ಟೆನ್ಸನ್ನರು ತಂತ್ರಾಂಶವನ್ನು ರಚಿಸಿದರು. ಸೂಸರು ಯಂತ್ರವನ್ನು ಜೋಡಿಸಿ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಫೆಬ್ರವರಿ 16ರಂದು ‘ಸಿ.ಬಿ.ಬಿ.ಎಸ್.’ ಎಂಬ ಹೆಸರಿನಿಂದ ಅದು ಸರ್ವರಿಗೂ ತೆರೆಯಿತು.

ದೂರದವನು ತನ್ನ ಗಣಕಕ್ಕೆ ಮೋಡೆಮ್ ಎಂಬ ಉಪಕರಣವನ್ನು ಕೂಡಿಸಿ ಕರೆಮಾಡುತ್ತಿದ್ದನು. ಗಂಟೆ ಬಾರಿಸಿದೊಡನೆ ಯಂತ್ರವು ಎಚ್ಚೆತ್ತು, ಫ್ಲಾಪಿ ತಟ್ಟೆಯಿಂದ ತಂತ್ರಾಂಶವನ್ನು ಓದಿಕೊಂಡು, ಅವನನ್ನು ಬರಮಾಡಿಕೊಳ್ಳುತ್ತಿತ್ತು. ಅಕ್ಷರಗಳು ಸೆಕೆಂಡಿಗೆ ಸುಮಾರು 30ರಂತೆ ಮೆಲ್ಲನೆ ನಡೆದುಬರುತ್ತಿದ್ದುವು. ತಂತಿ ಒಂದೇ ಆದುದರಿಂದ ಒಮ್ಮೆಗೆ ಒಬ್ಬನಿಗೆ ಮಾತ್ರ ಪ್ರವೇಶ. ಅವನು ಹೊರಟ ಹೊರತು ಮುಂದಿನವನಿಗೆ ಎಡೆಯಿಲ್ಲ. ಓದಿ, ಬರೆದು, ಬೇಗನೆ ಬಿಟ್ಟುಕೊಡುವುದೇ ಅತಿಥಿಯ ಮರ್ಯಾದೆಯಾಯಿತು.

ಈ ಮಿತ್ರರು ತಮ್ಮ ಉಪಾಯವನ್ನು ಬಚ್ಚಿಡಲಿಲ್ಲ. ಅದೇ ವರ್ಷದ ನವೆಂಬರಿನ ‘ಬೈಟ್’ ಪತ್ರಿಕೆಯಲ್ಲಿ ವಿವರಿಸಿ ಬರೆದರು. ಬಳಿಕ ಸಹಸ್ರಾರು ಗೃಹಸ್ಥರು ಸ್ವಂತ ಖರ್ಚಿನಿಂದಲೇ ಇಂತಹ ಫಲಕಗಳನ್ನು ನಡೆಸಿದರು.

ಅಂತರಜಾಲವು ಹಬ್ಬಿದ ಮೇಲೆ ಅವು ಬಹುಮಟ್ಟಿಗೆ ಮರೆಯಾದುವು. ಸೂಸರು 2019ರಲ್ಲಿಯೂ ಕ್ರಿಸ್ಟೆನ್ಸನ್ನರು 2024ರಲ್ಲಿಯೂ ದಿವಂಗತರಾದರು. ಈಗ ಕೋಟಿ ಜನರು ಏಕಕಾಲದಲ್ಲಿ ಬರೆಯುವರು. ಬಾಗಿಲಲ್ಲಿ ಮತ್ತೊಬ್ಬನು ಕಾದಿರುವನೆಂಬ ಅರಿವು ಮಾತ್ರ ವಿರಳ. ಮಕ್ಕಳ ಕೈಗೆ ಯಂತ್ರವನ್ನು ಕೊಡುವಾಗ ಈ ಅರಿವನ್ನೂ ಕೊಡುವುದು ಹಿರಿಯರ ಹೊಣೆಯಲ್ಲವೆ?