ಹಿಮದ ಕೆರೆಗೆ ಹೊರಡುವ ಮುನ್ನ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಜನಕ್ಕೆ ಕೆರೆಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮಳೆಯ ನೀರನ್ನು ತಡೆಯಲು ಹಿರಿಯರು ಕಟ್ಟಿದ ಏರಿ, ಹೊಲಕ್ಕೆ ನೀರು ಬಿಡಲೊಂದು ತೂಬು, ಹೆಚ್ಚಾದುದು ಹರಿದುಹೋಗಲೊಂದು ಕೋಡಿ, ಇವಿಷ್ಟು ಸೇರಿದರೆ ಕೆರೆಯಾಯಿತು. ಆದರೆ ಯಾರೂ ಕಟ್ಟದ, ತೂಬೂ ಕೋಡಿಯೂ ಇಲ್ಲದ ಕೆರೆಗಳು ಹಿಮಾಲಯದಲ್ಲಿ ಉಂಟು. ಅವುಗಳನ್ನು ನೋಡಬೇಕೆಂಬ ಆಸೆ ನಮ್ಮ ಬಿಸಿಲುನಾಡಿನವರಿಗೆ ಹುಟ್ಟುವುದು ಸಹಜವೇ. ಆ ಆಸೆಯನ್ನು ಹೇಗೆ ಪೂರೈಸಿಕೊಳ್ಳಬೇಕು ಎಂಬುದೇ ಈ ಹೊತ್ತಿನ ವಿಷಯ.

ಈ ಮಾತಿಗೆ ಕೇದಾರನಾಥಕ್ಕಿಂತ ಉತ್ತಮವಾದ ಉದಾಹರಣೆ ನಮಗೆ ಬೇರೆ ಇಲ್ಲ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿ ಹಿಂದಿನ ಬಳ್ಳಾರಿ ಜಿಲ್ಲೆಯದು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಅದೇ ಪಂಚಪೀಠಗಳ ಇನ್ನೊಂದು ಪೀಠ ಕೇದಾರದ ಕೆಳಗಿನ ಊಖೀಮಠದಲ್ಲಿದೆ. ಕೇದಾರದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮರು. ಹೀಗಾಗಿ ಆ ಹಿಮದ ಊರು ನಮ್ಮವರಿಗೆ ಬರಿಯ ಪ್ರವಾಸದ ತಾಣವಲ್ಲ, ಹಳೆಯ ನಂಟಸ್ತಿಕೆಯ ಸ್ಥಳ. ಗುಡಿಯಿಂದ ಮೇಲಕ್ಕೆ ಸುಮಾರು 3 ಕಿಲೋಮೀಟರು ನಡೆದರೆ ಚೋರಾಬಾರಿ ಹಿಮನದಿಯ ಅಂಚಿನಲ್ಲಿ ಒಂದು ಕೆರೆಯ ಜಾಗ ಸಿಗುತ್ತದೆ. 1948ರಲ್ಲಿ ಮಹಾತ್ಮರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಅದಕ್ಕೆ ಗಾಂಧೀ ಸರೋವರವೆಂಬ ಹೆಸರೂ ಬಂತು.

ಇಂತಹ ಕೆರೆ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಹಿಮನದಿಯೆಂದರೆ ಮೆಲ್ಲಗೆ ಜರುಗುವ ಮಂಜುಗಡ್ಡೆಯ ರಾಶಿ. ಅದು ಬೆಟ್ಟವನ್ನು ಉಜ್ಜುತ್ತ ಬಂದು ಕಲ್ಲು, ಮರಳು, ಮಣ್ಣುಗಳನ್ನು ತನ್ನ ಮುಂದೆಯೂ ಪಕ್ಕದಲ್ಲಿಯೂ ದಿಬ್ಬವಾಗಿ ಸುರಿಯುತ್ತದೆ. ಭೂವಿಜ್ಞಾನಿಗಳು ಇದನ್ನು ಮೊರೇನ್ ಎನ್ನುತ್ತಾರೆ. ಮಂಜು ಕರಗಿ ಹಿಂದೆ ಸರಿದಾಗ ಈ ದಿಬ್ಬದ ಒಳಗೆ ನೀರು ನಿಲ್ಲುತ್ತದೆ. ಕುರುಗೋಡಿನ ಕಲ್ಲುಬೆಟ್ಟಗಳನ್ನು ನೋಡಿ ಬೆಳೆದ ಕಣ್ಣಿಗೆ ಬೆಟ್ಟವೆಂದರೆ ಅಲುಗದ ವಸ್ತು. ಆದರೆ ಅಲ್ಲಿನ ಏರಿ ಇಡಿಯ ಕಲ್ಲಲ್ಲ, ಗಾರೆಯಿಲ್ಲದ ಗುಡ್ಡೆ. ಅದರ ಹೊಟ್ಟೆಯಲ್ಲಿ ಮಂಜುಗಡ್ಡೆಯೂ ಇರಬಹುದು.

ಹಿಮದ ಕೆರೆಗಳೆಲ್ಲ ಒಂದೇ ಬಗೆಯವಲ್ಲ. ಐಸ್‌ಲೆಂಡಿನ ಯೋಕುಲ್‌ಸಾರ್ಲೋನ್ ಎಂಬ ಸರೋವರ 1930ರ ದಶಕದಲ್ಲಿ, ಹಿಮನದಿ ಹಿಂಜರಿದಾಗ ರೂಪುಗೊಳ್ಳತೊಡಗಿತು. ಈಗ ಅದರ ಆಳ 240 ಮೀಟರಿಗೂ ಹೆಚ್ಚು. ತೇಲುವ ಮಂಜುಗಡ್ಡೆಗಳ ನಡುವೆ ಅಲ್ಲಿ ಜನ ದೋಣಿಯಲ್ಲಿ ವಿಹರಿಸುತ್ತಾರೆ. ಒಂದು ಚಿಕ್ಕ ಹೊಳೆಯ ಮೂಲಕ ಅದರ ನೀರು ಸಮುದ್ರಕ್ಕೆ ಹರಿಯುತ್ತದೆ. ಎಂದರೆ ಪ್ರಕೃತಿಯೇ ಅದಕ್ಕೊಂದು ಕೋಡಿ ಕೊಟ್ಟಿದೆ. ಚೋರಾಬಾರಿಗೆ ಆ ಭಾಗ್ಯವಿರಲಿಲ್ಲ. ಸುಮಾರು 3,900 ಮೀಟರು ಎತ್ತರದಲ್ಲಿ, ಹಿಮನದಿಯ ಪಕ್ಕದ ದಿಬ್ಬಕ್ಕೂ ಬೆಟ್ಟದ ಇಳಿಜಾರಿಗೂ ನಡುವೆ ನಿಂತ ನೀರು ಅದು. ಜಿನುಗಿ ಹೋಗಬಹುದಿತ್ತೇ ಹೊರತು ಉಕ್ಕಿ ಹರಿಯಲು ದಾರಿಯಿರಲಿಲ್ಲ.

2013ರ ಜೂನ್ ನಡುವಿನಲ್ಲಿ ಮುಂಗಾರು ಎಂದಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತು. ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ ಹಿಮನದಿಯ ಬಳಿ ಇರಿಸಿದ್ದ ಮಾಪಕ 15ರ ಸಂಜೆಯಿಂದ 16ರ ಸಂಜೆಯವರೆಗೆ 325 ಮಿಲಿಮೀಟರು ಮಳೆಯನ್ನು ದಾಖಲಿಸಿತು. ಬಳ್ಳಾರಿಗೆ ವರ್ಷವಿಡೀ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ನಮ್ಮ ಅರ್ಧ ವರ್ಷದ ಮಳೆಗಿಂತ ಹೆಚ್ಚಿನದು ಅಲ್ಲಿ ಒಂದೇ ದಿನದಲ್ಲಿ ಸುರಿಯಿತು. ಕರಗಿದ ಹಿಮದ ನೀರೂ ಅದಕ್ಕೆ ಕೂಡಿತು. 17ರ ಬೆಳಗ್ಗೆ ದಿಬ್ಬ ಒಡೆದು ಕೆಲವೇ ನಿಮಿಷಗಳಲ್ಲಿ ಕೆರೆ ಬರಿದಾಯಿತು. ಗುಡಿ ಉಳಿಯಿತು, ಸುತ್ತಣ ಊರು ಉಳಿಯಲಿಲ್ಲ. ಆ ದಿನಗಳ ನೆರೆಯಲ್ಲಿ ಉತ್ತರಾಖಂಡದಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಸಾವಿರಾರು ಮಂದಿ. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಸರೋವರವೂ ಒಡೆದು, ತೀಸ್ತಾ ನದಿಗೆ ಕಟ್ಟಿದ್ದ ಒಂದು ಅಣೆಕಟ್ಟೆಯನ್ನೇ ಕೊಚ್ಚಿಕೊಂಡು ಹೋಯಿತು.

ಹಾಗಾದರೆ ಹೋಗಲೇಬಾರದೆ? ಹೋಗಬಹುದು, ಆದರೆ ಕಾಲವನ್ನು ಅರಿತು ಹೋಗಬೇಕು. ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಸಾರುತ್ತಾರೆ. ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ತೆರೆದು ದೀಪಾವಳಿಯ ಬಳಿಕ ಮುಚ್ಚುತ್ತದೆ. ಸಿರುಗುಪ್ಪದ ತುಂಗಭದ್ರೆ ಬೇಸಗೆಯಲ್ಲಿ ಬಡಕಲಾಗಿ ಮಲೆನಾಡಿನ ಮಳೆಗಾಗಿ ಕಾಯುವ ಹೊಳೆ. ಕೇದಾರದ ಮಂದಾಕಿನಿಯದು ಬೇರೆ ಲೆಕ್ಕ: ಬಿಸಿಲೇರಿದಂತೆ ಹಿಮ ಕರಗಿ ಅದು ಮಳೆಗೆ ಮೊದಲೇ ಮೈದುಂಬಿಕೊಳ್ಳುತ್ತದೆ, ಅದರ ಮೇಲೆ ಮಳೆ ಬೀಳುತ್ತದೆ. ಆದಕಾರಣ ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟುಬಿಡುವುದು ಲೇಸು. 2024ರ ಜುಲೈ 31ರ ರಾತ್ರಿಯ ಮಳೆಗೆ ಕೇದಾರದ ಕಾಲುದಾರಿ ಹಲವೆಡೆ ಕುಸಿದುದನ್ನು ನೆನೆಯಬೇಕು. ಮಳೆ ಹಿಂದೆಗೆದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಿಂಗಳು ಆಕಾಶ ತಿಳಿಯಾಗಿರುವ ಕಾಲ. ಚಳಿ ಮಾತ್ರ ಹೆಚ್ಚು.

ಎರಡನೆಯದು ಎತ್ತರ. ಬಳ್ಳಾರಿ 500 ಮೀಟರಿಗಿಂತ ತಗ್ಗಿನ ಊರು. ಕೇದಾರನಾಥ 3,500 ಮೀಟರಿಗೂ ಮೇಲೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಸಿರುಗುಪ್ಪದ ಅಕ್ಕಿಯೂ ಬೇಗ ಬೇಯದು. ಅಕ್ಕಿಯ ಪಾಡೇ ಹೀಗಾದರೆ ಮನುಷ್ಯನ ಶ್ವಾಸಕೋಶದ ಪಾಡೇನು? ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಗುಪ್ತಕಾಶಿಯಲ್ಲೊಂದು ರಾತ್ರಿ, ಗೌರೀಕುಂಡದಲ್ಲೊಂದು ರಾತ್ರಿ ತಂಗಿ, ಅಲ್ಲಿಂದ ಸುಮಾರು 16 ಕಿಲೋಮೀಟರಿನ ದಾರಿಯನ್ನು ನಿಧಾನವಾಗಿ ಏರಬೇಕು. ಹೃದಯ, ಶ್ವಾಸಕೋಶಗಳ ತೊಂದರೆಯುಳ್ಳವರು ಊರಲ್ಲಿಯೇ ವೈದ್ಯರನ್ನು ಕೇಳಿಕೊಳ್ಳಬೇಕು. ತಲೆನೋವು, ವಾಂತಿ, ತೂರಾಟ ಕಂಡರೆ ಕೆಳಗಿಳಿಯುವುದೇ ಮೊದಲ ಮದ್ದು. ಯಾತ್ರೆಗೆ ಸರ್ಕಾರದ ನೋಂದಣಿ ಕಡ್ಡಾಯ. ಗುಡಿಯಿಂದ ಸರೋವರದ ಕಡೆಗೆ ಹೊರಡುವ ಮುನ್ನ ಅನುಮತಿಯುಂಟೆ ಎಂದು ಅಲ್ಲಿನ ಆಡಳಿತವನ್ನು ವಿಚಾರಿಸಿ, ದಾರಿ ಬಲ್ಲವರೊಡನೆ ಬೆಳಗ್ಗೆಯೇ ಹೊರಟು ಮಧ್ಯಾಹ್ನದೊಳಗೆ ಮರಳಬೇಕು.

ಅಲ್ಲಿಗೆ ಹೋದವರು ಇಂದು ಕಾಣುವುದು ತುಂಬಿದ ಕೆರೆಗಿಂತ ಹೆಚ್ಚಾಗಿ ಕೆರೆಯಿದ್ದ ಗುರುತನ್ನು, ಒಡೆದ ದಂಡೆಯನ್ನು. ಅದೂ ನೋಡತಕ್ಕದ್ದೇ. ಹಿಮದ ಕೆರೆ ಸ್ಥಿರವಾದ ಸ್ಥಳವಲ್ಲ, ಕರಗುತ್ತಿರುವ ಹಿಮದ ಒಂದು ಘಟ್ಟ ಎಂಬುದನ್ನು ಆ ಬರಿದಾದ ತಗ್ಗು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಸಿಕೊಡುತ್ತದೆ.

ಆದುದರಿಂದ ರೈಲಿನ ಚೀಟಿ, ಉಣ್ಣೆಯ ಬಟ್ಟೆ, ಊರುಗೋಲುಗಳ ಜೊತೆಗೆ ಎರಡು ದಿನಗಳ ಬಿಡುವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇಂಥ ದಿನವೇ ಹತ್ತಿ, ಇಂಥ ದಿನವೇ ಇಳಿದು, ಇಂಥ ರೈಲನ್ನೇ ಹಿಡಿಯುತ್ತೇನೆ ಎಂದು ಬಿಗಿದುಕೊಂಡವನು ಮೋಡ ಕವಿದಾಗಲೂ ಮುಂದಕ್ಕೇ ನಡೆಯುತ್ತಾನೆ. ನಮ್ಮ ಹಿರಿಯರು ಕೋಡಿಯಿಲ್ಲದೆ ಕೆರೆ ಕಟ್ಟಲಿಲ್ಲ. ಪ್ರಯಾಣದ ಯೋಜನೆಗೂ ಒಂದು ಕೋಡಿಯಿರಲಿ. ಅರ್ಧದಾರಿಯಿಂದ ಹಿಂದಿರುಗಿದವನು ಇನ್ನೊಂದು ವರ್ಷ ಮತ್ತೆ ಹೋಗಬಲ್ಲ.