ಛಲೋ ನಿದ್ದಿ ಹತ್ತಿದ ರಾತ್ರಿ

ಧಾರವಾಡದ ಸಪ್ತಾಪುರದಲ್ಲಿ ಎರಡು ತಲೆಮಾರು ಒಂದೇ ಓಣಿಯಲ್ಲಿ ಬಾಳುತ್ತವೆ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ಪುಸ್ತಕ ಅವುಚಿಕೊಂಡು ಕೋಚಿಂಗ್ ಸೆಂಟರಿಗೆ ಓಡುತ್ತಾರೆ. ಅವರಿಗೆ ಕೋಣೆ ಬಾಡಿಗೆ ಕೊಟ್ಟ ನಿವೃತ್ತ ಮಾಸ್ತರರು, ಅವರ ಮನೆಯ ಹಿರಿಯ ಹೆಣ್ಣುಮಕ್ಕಳು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಇಂಥ ಕಡೆ ಸಂಜೆಯ ಮಾತು ಮೊಣಕಾಲಿಗೆ ತಿರುಗಲು ಹೊತ್ತು ಬೇಕಿಲ್ಲ. ಆಪರೇಷನ್ ಯಾರು ಮಾಡಿಸಿಕೊಂಡರು, ಎಷ್ಟು ಖರ್ಚಾಯಿತು, ಎಷ್ಟನೇ ದಿನಕ್ಕೆ ನಡೆದಾಡಿದರು ಎಂದು ಎಲ್ಲರೂ ಕೇಳುತ್ತಾರೆ. ಮೊದಲ ರಾತ್ರಿ ನೋವಿಗೆ ಏನು ಕೊಟ್ಟರು, ಆಗ ಉಸಿರಾಟವನ್ನು ಯಾರು ನೋಡಿಕೊಂಡರು ಎಂದು ಕೇಳುವವರು ಕಡಿಮೆ.

ಮೊಣಕಾಲು ಬದಲಿಸಬಹುದು ಎಂಬುದು ನಮ್ಮ ಮನೆಮಾತಾದದ್ದು 2000ರ ಅಕ್ಟೋಬರಿನಲ್ಲಿ. ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಎಡಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು; ಮರುವರ್ಷ ಬಲಗಾಲಿನದೂ ಆಯಿತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಪಿಂಚಣಿಯ ಮೇಲೆ ಬದುಕುವ ಮನೆಗಳಿಗೂ ಆಪರೇಷನ್ ಎಟಕುವ ಮಾತಾಯಿತು.

ಈ ಆಪರೇಷನ್ನಿನ ನೋವು ಸಣ್ಣದಲ್ಲ. ಎಲುಬನ್ನು ಕೊಯ್ದು, ಸವೆದ ಭಾಗ ತೆಗೆದು, ಲೋಹ ಕೂರಿಸಿರುತ್ತಾರೆ. ಅರಿವಳಿಕೆಯ ಪ್ರಭಾವ ಇಳಿಯುತ್ತಿದ್ದಂತೆ ನೋವು ಏರುತ್ತದೆ. ಅದಕ್ಕೆ ಕೊಡುವ ಬಲವಾದ ಔಷಧಿಗಳು ಅಫೀಮಿನ ಕುಲದವು: ಮಾರ್ಫಿನ್, ಫೆಂಟಾನಿಲ್, ಟ್ರಮಡಾಲ್. ಇವು ನೋವನ್ನು ತಗ್ಗಿಸುವುದರ ಜೊತೆಗೆ ಮಿದುಳಿನ ಬುಡದಲ್ಲಿ ಉಸಿರಿನ ತಾಳ ಹಿಡಿಯುವ ನರಕೋಶಗಳನ್ನೂ ಮಂಕಾಗಿಸುತ್ತವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮಿದುಳು ತಾನಾಗಿ ಉಸಿರನ್ನು ಚುರುಕುಗೊಳಿಸಬೇಕು. ಔಷಧಿಯ ಪ್ರಮಾಣ ಹೆಚ್ಚಾದಾಗ ಆ ಎಚ್ಚರ ತಪ್ಪುತ್ತದೆ. ನಿಮಿಷಕ್ಕೆ 12ರಿಂದ 20ರಷ್ಟಿರಬೇಕಾದ ಉಸಿರು ನಿಧಾನವಾಗಿ ಇಳಿಯುತ್ತದೆ.

ಇಳಿಯುವ ಮುನ್ನ ಒಂದು ಸೂಚನೆ ಸಾಮಾನ್ಯವಾಗಿ ಸಿಗುತ್ತದೆ, ಅದು ಮಂಪರು. ನಮ್ಮಲ್ಲಿ ತಪ್ಪಿಹೋಗುವುದೂ ಅದೇ. ‘ಅವ್ವಗ ಈಗ ಛಲೋ ನಿದ್ದಿ ಹತ್ತೇತಿ, ಎಬ್ಬಿಸಬ್ಯಾಡ್ರಿ’ ಎಂದು ಕಾವಲಿಗೆ ಕೂತ ಮಗಳು ಪ್ರೀತಿಯಿಂದಲೇ ಹೇಳುತ್ತಾಳೆ. ಇಡೀ ದಿನ ನರಳಿದ ಜೀವಕ್ಕೆ ಕಣ್ಣು ಮುಚ್ಚಿದರೆ ಯಾರಿಗೆ ಸಮಾಧಾನವಾಗದು? ಆದರೆ ಹೆಸರು ಹಿಡಿದು ಕರೆದಾಗ ಕಣ್ತೆರೆದು ಮಾತಾಡುವುದು ನಿದ್ದೆ. ಮಾತಿನ ನಡುವೆಯೇ ತೂಕಡಿಸಿ ಜಾರುವುದು, ತಟ್ಟಿದರೂ ಎಚ್ಚರಗೊಳ್ಳದಿರುವುದು ನರ್ಸನ್ನು ತಕ್ಷಣ ಕರೆಯಬೇಕಾದ ಸ್ಥಿತಿ. ಇದಕ್ಕೆ ನಲೋಕ್ಸೋನ್ ಎಂಬ ಮದ್ದಿದೆ, ರಕ್ತನಾಳಕ್ಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಅದರ ಪ್ರಭಾವ ಬೇಗ ಮುಗಿಯುವುದರಿಂದ, ಎಚ್ಚರಗೊಂಡವರನ್ನೂ ಮತ್ತೆ ಕೆಲವು ತಾಸು ಕಾಯಬೇಕಾಗುತ್ತದೆ.

ಗೊರಕೆಯದು ಇನ್ನೊಂದು ಕತೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಆಗಾಗ ನಿಲ್ಲುವ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಬೇರೆ ದಿನಗಳಲ್ಲಿ ಉಸಿರು ಕಟ್ಟಿದಾಗ ಮಿದುಳು ಬೆಚ್ಚಿ ಎಬ್ಬಿಸುತ್ತದೆ, ಔಷಧಿಯ ಮಂಪರಿನಲ್ಲಿ ಎಬ್ಬಿಸುವುದಿಲ್ಲ. ಇದನ್ನು ಮೊದಲೇ ಗುರುತಿಸಲು ಟೊರೊಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು ರೂಪಿಸಿದ ‘ಸ್ಟಾಪ್-ಬ್ಯಾಂಗ್’ ಎಂಬ ಎಂಟು ಪ್ರಶ್ನೆಗಳಿವೆ: ಗೊರಕೆ, ಹಗಲಿನ ದಣಿವು, ಬಿಪಿ, ತೂಕ, ಕೊರಳಿನ ಸುತ್ತಳತೆ ಇತ್ಯಾದಿ. ‘ಗೊರಕಿ ಹೊಡೀತೀರೇನ್ರಿ?’ ಎಂದರೆ ಯಜಮಾನರು ಇಲ್ಲ ಎನ್ನುತ್ತಾರೆ. ಸರಿಯಾದ ಉತ್ತರ ಪಕ್ಕದಲ್ಲಿ ಮಲಗುವವರ ಬಳಿ ಇರುತ್ತದೆ. ಅರಿವಳಿಕೆ ತಜ್ಞರ ಭೇಟಿಗೆ ಅವರನ್ನೂ ಕರೆದೊಯ್ಯಬೇಕು. ರಾತ್ರಿ ನುಂಗುವ ನಿದ್ದೆಗುಳಿಗೆ, ಕುಡಿತದ ಅಭ್ಯಾಸ, ಅಸ್ತಮಾ ಯಾವುದನ್ನೂ ಮುಚ್ಚಿಡಬಾರದು.

ಅಫೀಮಿನ ಔಷಧಿ ತಗ್ಗಿಸಲೆಂದೇ ವೈದ್ಯಲೋಕ ಹಲವು ಮದ್ದುಗಳ ಜೋಡಣೆಗೆ ಹೊರಳಿತು. ಒಳ್ಳೆಯ ದಾರಿ, ಅದರಲ್ಲೂ ಒಂದು ತಿರುವು ಕಂಡಿತು. ನರನೋವಿಗೆಂದು ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಗುಳಿಗೆಗಳು ಸೌಮ್ಯವೆಂದೇ ನಂಬಿಕೆಯಿತ್ತು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಕೀಲು ಬದಲಿಸಿಕೊಂಡ ಸಾವಿರಾರು ಜನರ ದಾಖಲೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ನಿಗೆ ಮುಂಚೆ ಗ್ಯಾಬಾಪೆಂಟಿನ್ ಹೆಚ್ಚು ಪ್ರಮಾಣದಲ್ಲಿ ಪಡೆದವರಲ್ಲಿ ಉಸಿರು ಕುಗ್ಗುವುದು ಹೆಚ್ಚಾಗಿ ಕಂಡುಬಂತು. 2019ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಎರಡೂ ಗುಳಿಗೆಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು: ವಯಸ್ಸಾದವರು, ಶ್ವಾಸಕೋಶದ ತೊಂದರೆಯುಳ್ಳವರು, ಅಫೀಮಿನ ಔಷಧಿ ಜೊತೆಗೆ ತೆಗೆದುಕೊಳ್ಳುವವರು ಜಾಗ್ರತೆ. ಮೊಣಕಾಲಿನ ವಾರ್ಡಿನಲ್ಲಿ ಇರುವವರು ಹೆಚ್ಚಾಗಿ ಇವರೇ ಅಲ್ಲವೇ?

ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಜಪಾನಿನ ತಾಕುವೊ ಅಯೊಯಾಗಿ 1974ರಲ್ಲಿ ಕೊಟ್ಟ ತತ್ವದ ಮೇಲೆ ನಡೆಯುವ ಈ ಪುಟ್ಟ ಯಂತ್ರ ಬಲು ಉಪಕಾರಿ. ಆದರೆ ಅದು ತೋರಿಸುವುದು ರಕ್ತದ ಆಮ್ಲಜನಕ ಮತ್ತು ನಾಡಿಬಡಿತ ಮಾತ್ರ. ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟವರಲ್ಲಿ ಉಸಿರು ಬಹಳ ಕುಗ್ಗಿದರೂ ಅಂಕಿ 97, 98 ಎಂದೇ ನಿಲ್ಲಬಹುದು. ಹಾಗಾಗಿ ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಗಡಿಯಾರ ನೋಡಿ ಎಣಿಸುವ ಹಳೆಯ ಪದ್ಧತಿಯನ್ನು ಬಿಡುವಂತಿಲ್ಲ.

ಹಾಗೆಂದು ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದೂ ಸಲ್ಲ. ನೋವಿಗೆ ಹೆದರಿ ಕಾಲು ಆಡಿಸದವರ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಹಠಾತ್ತನೆ ಏದುಸಿರು, ಎದೆನೋವು ಬರುತ್ತವೆ. ಅದು ಪ್ರಾಣಕ್ಕೇ ಕುತ್ತು. ಈ ಇಕ್ಕಟ್ಟಿಗೆ ಸಿಕ್ಕಿರುವ ಉತ್ತಮ ಉತ್ತರ ನರದ ಬ್ಲಾಕ್. ಅಲ್ಟ್ರಾಸೌಂಡ್ ನೋಡುತ್ತ ತೊಡೆಯ ಒಳಬದಿಯ ನರದ ಸುತ್ತ ಮರವಿಕೆ ಮದ್ದು ಬಿಡುತ್ತಾರೆ. ನೋವು ತಗ್ಗುತ್ತದೆ, ತೊಡೆಯ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ, ಮಿದುಳಿಗೆ ಮಂಪರಿಲ್ಲ. ಜೊತೆಗೆ ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಕಿಡ್ನಿ ಮತ್ತು ಹೊಟ್ಟೆ ಗಟ್ಟಿಯಿದ್ದವರಿಗೆ ಉರಿಯೂತ ಇಳಿಸುವ ಗುಳಿಗೆ. ಅಫೀಮಿನ ಮದ್ದು ಇವೆಲ್ಲ ಸಾಲದಾದಾಗ, ಅಳೆದು.

ಮನೆಗೆ ಬಂದ ಮೇಲೂ ಒಂದು ಮಾತು ಉಳಿದಿರುತ್ತದೆ. ಕೆಲವರಿಗೆ ಬುಪ್ರೆನಾರ್ಫಿನ್ ಪಟ್ಟಿಯನ್ನು ತೋಳಿಗೋ ಬೆನ್ನಿಗೋ ಅಂಟಿಸಿ ಕಳಿಸುತ್ತಾರೆ. ಏಳು ದಿನ ಚರ್ಮದ ಮೂಲಕ ಮದ್ದು ಇಳಿಯುತ್ತದೆ. ನೋಡಲು ಬ್ಯಾಂಡೇಜಿನಂತೆ ಇರುವುದರಿಂದ ಅದೂ ಅಫೀಮಿನ ಕುಲದ್ದೇ ಎಂಬುದು ಮರೆತುಹೋಗುತ್ತದೆ. ಶಾಖ ತಾಗಿದರೆ ಮದ್ದು ಬೇಗ ಬೇಗ ರಕ್ತಕ್ಕೆ ಸೇರುತ್ತದೆ. ಚಳಿಗಾಲದ ರಾತ್ರಿ ಬೆನ್ನಿಗೆ ಬಿಸಿನೀರಿನ ಚೀಲ ಕೊಡುವ ಸೊಸೆಗೆ, ಪಟ್ಟಿ ಎಲ್ಲಿದೆ ಎಂದು ಆಸ್ಪತ್ರೆಯಿಂದ ಹೊರಡುವಾಗಲೇ ಯಾರಾದರೂ ತೋರಿಸಿ ಹೇಳಿರಬೇಕು.