ಗಾಜಿನ ಬಟ್ಟಲಿನ ಕಾವಲುಗಾರರು

ಹಂದಿ ಸಾಕಣೆಯನ್ನು ಕೀಳೆಂದು ಕಾಣುವವರುಂಟು. ಆದರೆ ಅದನ್ನೇ ನಂಬಿದ ಕುಟುಂಬಕ್ಕೆ ಹಂದಿಯೇ ಹೊಲ, ಹಂದಿಯೇ ಹಣದ ಗಂಟು. ಊರು ಅಸ್ಸಾಮಿನದಿರಲಿ, ಬೀದರ ಸೀಮೆಯ ನಿರ್ಣಾದಂಥದಿರಲಿ, ಹಟ್ಟಿಗೆ ಜ್ವರ ಹೊಕ್ಕಿತೆಂದರೆ ಆ ಮನೆಯ ಒಲೆ ಆರಿದಂತೆಯೇ ಸರಿ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಆಫ್ರಿಕನ್ ಹಂದಿಜ್ವರವು 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡಿತು. ಮನುಷ್ಯನಿಗೆ ಅದು ತಗಲದು, ಹಂದಿಗಾದರೋ ಮೃತ್ಯುಸ್ವರೂಪಿ. ರೋಗ ಕಂಡ ಹಟ್ಟಿಯ ಹಂದಿಗಳನ್ನೆಲ್ಲ ಕೊಂದು ಹೂಳಬೇಕಾಗುತ್ತದೆ.

ಕಾವಲುಗಾರನ ಮನೆಯಲ್ಲೇ ಕಳ್ಳ

ಈ ವೈರಸ್ಸು ನೆಲೆಯೂರುವುದು ‘ಮ್ಯಾಕ್ರೊಫೇಜ್’ ಎಂಬ ಕೋಶದಲ್ಲಿ. ರೋಗಾಣುಗಳನ್ನು ನುಂಗಿ ಜೀರ್ಣಿಸಿಕೊಂಡು ದೇಹವನ್ನು ಕಾಯುವ ಕೋಶವದು. ಆದುದರಿಂದ ರೋಗದ ಮರ್ಮವನ್ನು ಅರಿಯಬೇಕಾದರೆ ಇದೇ ಕೋಶ ಬೇಕು. ಹಂದಿಯ ಶ್ವಾಸಕೋಶದಿಂದ ಅದನ್ನು ತೊಳೆದು ತೆಗೆಯಬಹುದು. ಆದರೆ ಗಾಜಿನ ಬಟ್ಟಲಿನಲ್ಲಿ ಅದು ವೃದ್ಧಿಯಾಗದೆ ಬೇಗನೆ ಸಾಯುತ್ತದೆ. ಮತ್ತೆ ಹಂದಿಯನ್ನು ಕೊಲ್ಲಬೇಕು. ಒಂದು ಹಂದಿಯ ಕೋಶದಂತೆ ಇನ್ನೊಂದರದು ಇರುವುದೂ ಇಲ್ಲ.

ಇದಕ್ಕೆ ಪರಿಹಾರವೇ ಎಡೆಬಿಡದೆ ಬೆಳೆಯುವ ಕೋಶಸಂತತಿ. ಎಸ್‌ವಿ40 ಎಂಬ ವೈರಸ್ಸಿನ ಜೀನನ್ನು ಶ್ವಾಸಕೋಶದ ಮ್ಯಾಕ್ರೊಫೇಜ್‌ಗೆ ಸೇರಿಸಿ ಕೆನಡಾದ ವಿಜ್ಞಾನಿಗಳು ಪಡೆದ 3ಡಿ4 ಸಂತತಿಗಳ ವಿವರ 2002ರಲ್ಲಿ ಪ್ರಕಟವಾಯಿತು. ಹಂದಿಯ ಮೂತ್ರಪಿಂಡದ ಮ್ಯಾಕ್ರೊಫೇಜ್‌ಗಳಿಂದ ಜಪಾನಿನವರು ಐಪಿಕೆಎಂ ಎಂಬ ಸಂತತಿಯನ್ನು ಬೆಳೆಸಿದರು. ಇದರಲ್ಲಿ ಆಫ್ರಿಕನ್ ಹಂದಿಜ್ವರದ ವೈರಸ್ಸು ಚೆನ್ನಾಗಿ ಬೆಳೆಯುತ್ತದೆ.

ಹೆಸರೊಂದು, ಗುಣವೊಂದು

ಅಮರತ್ವ ಪಡೆದ ಕೋಶವು ತನ್ನ ಸ್ವಭಾವವನ್ನೇ ಮರೆತರೆ ಗತಿಯೇನು? ಆದುದರಿಂದ ಗುರುತಿನ ಪರೀಕ್ಷೆ ಅತ್ಯಗತ್ಯ. ಮ್ಯಾಕ್ರೊಫೇಜಿನ ಮೈಮೇಲಿರುವ ಸಿಡಿ163 ಎಂಬ ಪ್ರೋಟೀನು ಉಳಿದಿದೆಯೇ? ಕೊಟ್ಟ ಕಣಗಳನ್ನು ಕೋಶ ನುಂಗುತ್ತದೆಯೇ? ಹಂದಿಗೆ ಸಹಜವಾದ 38 ವರ್ಣತಂತುಗಳಲ್ಲಿ ಏರುಪೇರಾಗಿದೆಯೇ? ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಗುಟ್ಟಾಗಿ ಸೇರಿದೆಯೇ? ಇವನ್ನೆಲ್ಲ ಪರೀಕ್ಷಿಸದಿದ್ದರೆ ಪಡೆದ ಫಲಿತಾಂಶ ಹಂದಿಯದಾಗದೆ ಬಟ್ಟಲಿನದಷ್ಟೇ ಆದೀತು. 3ಡಿ4/21 ಸಂತತಿಯಲ್ಲಿ ಸಿಡಿ163 ಅತಿ ವಿರಳ. ಆ ಪ್ರೋಟೀನನ್ನೇ ಬಾಗಿಲಾಗಿ ಬಳಸುವ ಪಿಆರ್‌ಆರ್‌ಎಸ್ ವೈರಸ್ಸಿನ ಅಧ್ಯಯನಕ್ಕೆ ಅದರ ಜೀನನ್ನು ಬೇರೆಯಾಗಿ ಸೇರಿಸಬೇಕಾಯಿತು.

ಕೋಶಕೃಷಿಯ ಫಲಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ಹಂದಿಗಳ ಇನ್ನೊಂದು ಪಿಡುಗಾದ ಸಾಂಪ್ರದಾಯಿಕ ಹಂದಿಜ್ವರಕ್ಕೆ 1964ರಿಂದ ಮೊಲದ ಗುಲ್ಮದಲ್ಲಿ ಲಸಿಕೆ ತಯಾರಾಗುತ್ತಿತ್ತು. ಒಂದು ಮೊಲ ಸತ್ತರೆ ಸುಮಾರು 50 ಹಂದಿಗಳಿಗೆ ಲಸಿಕೆ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯು ದೇಶೀಯ ವೈರಸ್ಸಿನಿಂದ, ಕೋಶಗಳಲ್ಲೇ ಬೆಳೆಸಿದ ಲಸಿಕೆ 2020ರಲ್ಲಿ ಬಿಡುಗಡೆಯಾಯಿತು. ಹದಿನೈದಿಪ್ಪತ್ತು ರೂಪಾಯಿ ತಗಲುತ್ತಿದ್ದ ಒಂದು ಪ್ರಮಾಣಕ್ಕೆ ಸುಮಾರು ಎರಡೇ ರೂಪಾಯಿಯೆಂದು ಆಗ ಅಂದಾಜು ಮಾಡಲಾಯಿತು. ಮೊಲದ ಜೀವವೂ ಉಳಿಯಿತು, ಬಡವನ ಕಾಸೂ ಉಳಿಯಿತು.